ಖಿನ್ನತೆಯನ್ನೂ ಊಟದ ಕಾಯಿಲೆಯನ್ನೂ ಒಟ್ಟಿಗೆ ವಿಚಾರಿಸಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ,
ಹಾಗೂ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿರುವ ಎಲ್ಲ ಇಲಾಖೆಗಳ ಮುಖ್ಯಸ್ಥರು

ಮಾನ್ಯರೇ,

ನಾನು ಇಪ್ಪತ್ತೆರಡು ವರ್ಷ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಗಳಲ್ಲಿ ನಿಲಯಪಾಲಕಿಯಾಗಿ ದುಡಿದು ನಿವೃತ್ತಳಾದವಳು. ವೈದ್ಯಳಲ್ಲ, ಮನಃಶಾಸ್ತ್ರ ಓದಿದವಳೂ ಅಲ್ಲ. ಆದರೆ ದಿನಕ್ಕೆ ಮೂರು ಹೊತ್ತು ನೂರಾರು ಮಕ್ಕಳು ಊಟಕ್ಕೆ ಕೂತು ಏಳುವುದನ್ನು ಇಷ್ಟು ವರ್ಷ ನೋಡಿದವಳಿಗೆ ಯಾರ ತಟ್ಟೆ ಹೇಗೆ ಖಾಲಿಯಾಗುತ್ತದೆ, ಯಾರದು ಖಾಲಿಯಾದಂತೆ ತೋರುತ್ತದೆ ಎಂಬುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಆ ಅನುಭವದ ಬಲದ ಮೇಲೆ, ಮತ್ತು ನಂತರ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡದ್ದರ ಬಲದ ಮೇಲೆ ತಮ್ಮಲ್ಲಿ ಒಂದೇ ಒಂದು ವಿಷಯ ನಿವೇದಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಖಿನ್ನತೆ ಮತ್ತು ಊಟದ ಕಾಯಿಲೆಗಳು, ಅಂದರೆ ವೈದ್ಯರು ಈಟಿಂಗ್ ಡಿಸಾರ್ಡರ್ ಎಂದು ಕರೆಯುವ ತೊಂದರೆಗಳು, ಬಹಳಷ್ಟು ಸಲ ಒಂದೇ ಮೈಯಲ್ಲಿ ಕೂಡಿಯೇ ಇರುತ್ತವೆ. ಅವುಗಳ ಲಕ್ಷಣಗಳಲ್ಲಿ ಹಲವು ಸಮಾನ. ಹೀಗಿದ್ದೂ ನಮ್ಮ ಸರ್ಕಾರಿ ವ್ಯವಸ್ಥೆ ಒಂದನ್ನು ಮಾತ್ರ ಕೇಳುತ್ತದೆ, ಇನ್ನೊಂದನ್ನು ಕೇಳುವುದೇ ಇಲ್ಲ.

ದ್ವಿತೀಯ ಪಿಯುಸಿ ವಿಜ್ಞಾನದ ಒಬ್ಬ ಹುಡುಗಿಯ ವಿಷಯವನ್ನು, ಅವಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇಲ್ಲಿ ಹೇಳುತ್ತೇನೆ. ಅವಳ ತೊಂದರೆಯನ್ನು ಮೊದಲು ಗಮನಿಸಿದ್ದು ನಾನಲ್ಲ, ನಮ್ಮ ಅಡುಗೆಯ ಅಕ್ಕ. ಒಂದು ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ ಬಂದು, "ಮೇಡಂ, ಆ ಹುಡುಗಿ ಅನ್ನ ಕಲಸ್ತಾಳೆ, ಕಲಸ್ತಾನೇ ಇರ್ತಾಳೆ, ಬಾಯಿಗೆ ಹೋಗೋದು ಮಾತ್ರ ಕಾಣಲ್ಲ" ಎಂದರು. ಮರುದಿನದಿಂದ ನಾನೂ ನೋಡತೊಡಗಿದೆ. ಚಪಾತಿಯನ್ನು ಉಗುರಿನಷ್ಟು ಉಗುರಿನಷ್ಟು ಚೂರು ಮಾಡಿ ತಟ್ಟೆಯ ಅಂಚಿಗೆ ಸುತ್ತಲೂ ಜೋಡಿಸುತ್ತಿದ್ದಳು. ಪಲ್ಯವನ್ನು ತೆಳ್ಳಗೆ ಹರಡಿ, ಉಳಿದ ಅನ್ನವನ್ನು ಅದರ ಕೆಳಗೆ ಒತ್ತಿ, ಸಾರಿನ ಕರಿಬೇವು, ಒಣಮೆಣಸಿನಕಾಯಿಗಳನ್ನು ಮೇಲೆ ಗುಡ್ಡೆ ಹಾಕಿದರೆ ದೂರದಿಂದ ಉಂಡ ತಟ್ಟೆಯಂತೆಯೇ ಕಾಣುತ್ತಿತ್ತು. ಎಲ್ಲರೂ ಎದ್ದ ಮೇಲೆ ಏಳುತ್ತಿದ್ದಳು, ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದಳು. ಅದೇ ಹುಡುಗಿ ಹಬ್ಬದ ದಿನ ಸೌಟು ಹಿಡಿದು ಎಲ್ಲರಿಗೂ ಒತ್ತಾಯ ಮಾಡಿ ಬಡಿಸುತ್ತಿದ್ದಳು. ಒಮ್ಮೆ ಅವಳ ರಸಾಯನಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ತೆರೆದು ನೋಡಿದೆ. ಒಂದು ಸೇರು ಬೇಳೆಗೆ ಎಷ್ಟು ಬೆಲ್ಲ, ಹೂರಣ ಎಷ್ಟು ಗಟ್ಟಿ ಇರಬೇಕು, ಕಾಯಿಹೋಳಿಗೆಗೆ ಏಲಕ್ಕಿ ಯಾವಾಗ ಹಾಕಬೇಕು ಎಂದು ಮುದ್ದಾದ ಅಕ್ಷರದಲ್ಲಿ ಪುಟಗಟ್ಟಲೆ ಬರೆದಿಟ್ಟಿದ್ದಳು. ಹೋಳಿಗೆಯ ಒಂದು ತುಣುಕನ್ನೂ ಅವಳು ತಿಂದದ್ದನ್ನು ನಾನು ಕಂಡಿರಲಿಲ್ಲ.

ಈ ಮಧ್ಯೆ ಅವಳ ನಗು ನಿಂತಿತ್ತು. ಗೆಳತಿಯರ ಜೊತೆ ಕೂರುವುದು ಬಿಟ್ಟಳು, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಗೋಡೆಗೆ ಒರಗಿ ಕೂತಿರುತ್ತಿದ್ದಳು, ಓದಿದ್ದು ತಲೆಗೆ ಹತ್ತುತ್ತಿಲ್ಲವೆಂದು ಅಳುತ್ತಿದ್ದಳು, ಸಣ್ಣದಕ್ಕೂ ತನ್ನದೇ ತಪ್ಪು ಎನ್ನುತ್ತಿದ್ದಳು. ಊರಿನಿಂದ ಬಂದ ತಾಯಿ ದೃಷ್ಟಿ ತೆಗೆದು ತಾಯತ ಕಟ್ಟಿಸಿದರು. ಒಂದು ಆಸ್ಪತ್ರೆಯಲ್ಲಿ ರಕ್ತಹೀನತೆಯೆಂದು ಕಬ್ಬಿಣದ ಮಾತ್ರೆ, ಟಾನಿಕ್ ಕೊಟ್ಟರು. ಇನ್ನೊಂದು ಕಡೆ ಗ್ಯಾಸ್ಟ್ರಿಕ್ ಎಂದರು. ಮೂರನೆಯ ವೈದ್ಯರು, ಅವರಿಗೆ ನಾನು ಇಂದಿಗೂ ಋಣಿ, ಇದು ಖಿನ್ನತೆ ಎಂದು ಗುರುತಿಸಿ ಔಷಧಿ ಆರಂಭಿಸಿದರು. ಆದರೆ ಅವರೂ ಊಟದ ಬಗ್ಗೆ "ಚೆನ್ನಾಗಿ ತಿನ್ನಬೇಕಮ್ಮ" ಎಂದದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಎರಡು ತಿಂಗಳು ಮಾತ್ರೆ ನುಂಗಿದರೂ ಅವಳು ಇನ್ನಷ್ಟು ಸೊರಗಿದಳೇ ಹೊರತು ಚೇತರಿಸಿಕೊಳ್ಳಲಿಲ್ಲ. ಕೊನೆಗೆ ಒಂದು ವೈದ್ಯಕೀಯ ಕಾಲೇಜಿನ ಮನೋವೈದ್ಯೆ ಅವಳನ್ನು ಒಂದು ಗಂಟೆ ಕೂರಿಸಿಕೊಂಡು ಮಾತನಾಡಿಸಿ, "ನಿನಗೆ ಹಸಿವಾಗೋದಿಲ್ವಾ, ಅಥವಾ ಹಸಿವಾದರೂ ತಿನ್ನಬಾರದು ಅನ್ಸುತ್ತಾ?" ಎಂದು ಕೇಳಿದರು. ಅಷ್ಟು ದಿನ ಯಾರೂ ಕೇಳದ ಪ್ರಶ್ನೆಯದು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, "ತುಂಬಾ ಹಸಿವಾಗುತ್ತೆ" ಎಂದಳು.

ಮಾನ್ಯರೇ, ಆ ಪ್ರಶ್ನೆಯ ಮಹತ್ವ ನನಗೆ ಅರ್ಥವಾದದ್ದು ಆಮೇಲೆ. ಖಿನ್ನತೆಯೆಂದು ಗುರುತಿಸಲು ವೈದ್ಯರು ನೋಡುವ ಒಂಬತ್ತು ಲಕ್ಷಣಗಳಲ್ಲಿ ಹಸಿವು ಅಥವಾ ತೂಕದ ಏರುಪೇರೂ ಒಂದು. ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ರೆಗೆಡುವುದು, ಆಯಾಸ, ಏಕಾಗ್ರತೆ ಇಲ್ಲದಿರುವುದು, ತಾನು ಯಾವುದಕ್ಕೂ ಪ್ರಯೋಜನವಿಲ್ಲವೆಂಬ ಅಥವಾ ಅತಿಯಾದ ತಪ್ಪಿತಸ್ಥ ಭಾವನೆ, ಸಾವಿನ ಯೋಚನೆ, ನಡೆನುಡಿಗಳಲ್ಲಿ ನಿಧಾನ ಅಥವಾ ಚಡಪಡಿಕೆ ಉಳಿದವು. ಇವುಗಳಲ್ಲಿ ಐದಾದರೂ ಎರಡು ವಾರ ಬಿಡದೆ ಇದ್ದರೆ, ಅವುಗಳಲ್ಲಿ ಒಂದು ಕುಗ್ಗಿದ ಮನಸ್ಸೋ ನಿರಾಸಕ್ತಿಯೋ ಆಗಿದ್ದರೆ, ಖಿನ್ನತೆ ಎನ್ನುತ್ತಾರೆ. ಈಗ ಊಟದ ಕಾಯಿಲೆ ಇರುವ ಮಗುವನ್ನು ಗಮನಿಸಿದರೆ ಈ ಪಟ್ಟಿಯಲ್ಲಿ ಹೆಚ್ಚಿನವು ಅವಳಲ್ಲೂ ಕಾಣುತ್ತವೆ. ಜನರಿಂದ ದೂರ ಸರಿಯುವುದು, ಎಲ್ಲವನ್ನೂ ಮುಚ್ಚಿಡುವುದು, ತನ್ನ ಬಗ್ಗೆ ತನಗೇ ಹೇಸಿಗೆ, ಒಂದೇ ಯೋಚನೆ ತಲೆಯಲ್ಲಿ ಗಾಣದೆತ್ತಿನಂತೆ ಸುತ್ತುವುದು, ಎಲ್ಲದರಲ್ಲೂ ನೂರಕ್ಕೆ ನೂರು ಸರಿಯಿರಬೇಕೆಂಬ ಹಟ ಎರಡಕ್ಕೂ ಸಾಮಾನ್ಯ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಎರಡರ ಆನುವಂಶಿಕ ಬೇರುಗಳೂ ಸ್ವಲ್ಪಮಟ್ಟಿಗೆ ಒಂದರೊಳಗೊಂದು ಹೆಣೆದುಕೊಂಡಿವೆ ಎಂದು ತೋರಿಸಿವೆ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿ ಇದೆ, ಅದನ್ನು ತಿಳಿದ ದಿನ ನಾನು ಆ ಹುಡುಗಿಯ ನೋಟ್‌ಬುಕ್ಕನ್ನು ನೆನೆದು ಅತ್ತಿದ್ದೇನೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಯುದ್ಧದಿಂದ ಹಸಿದಿದ್ದ ಯೂರೋಪಿನ ಜನರಿಗೆ ಮತ್ತೆ ಉಣ್ಣಿಸುವುದು ಹೇಗೆಂದು ತಿಳಿಯಲು, ಆಯುಧ ಹಿಡಿಯಲೊಪ್ಪದ 36 ಯುವಕರು ತಾವಾಗಿಯೇ ಮುಂದೆ ಬಂದು 24 ವಾರ ಅರೆಹೊಟ್ಟೆಯಲ್ಲಿದ್ದರು. ಮೈಯೂ ಮನಸ್ಸೂ ಗಟ್ಟಿಯಿದ್ದವರನ್ನೇ ಹುಡುಕಿ ಆರಿಸಿದ್ದರು. ಆದರೂ ವಾರಗಳು ಕಳೆದಂತೆ ಅವರಲ್ಲಿ ಅನೇಕರು ಖಿನ್ನರಾದರು, ಮುಂಗೋಪಿಗಳಾದರು, ಗೆಳೆಯರಿಂದ ದೂರವಾದರು, ಓದಿನಲ್ಲಿ ಮನಸ್ಸು ನಿಲ್ಲಿಸಲಾರದಾದರು. ಊಟವನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ಎಳೆದರು, ಅಡುಗೆ ಪುಸ್ತಕ ಓದತೊಡಗಿದರು, ಅಡುಗೆಯ ವಿಧಾನಗಳನ್ನು ಬರೆದಿಟ್ಟುಕೊಂಡರು. ಅವರಿಗೆ ದಪ್ಪವಾಗುವ ಭಯವಿರಲಿಲ್ಲ, ಕನ್ನಡಿಯ ಗೀಳೂ ಇರಲಿಲ್ಲ. ದೇಹಕ್ಕೆ ಅನ್ನ ಸಾಲದಿದ್ದುದೇ ಆ ಬದಲಾವಣೆಗಳಿಗೆ ಕಾರಣವಾಗಿತ್ತು. ಮತ್ತೆ ಉಣ್ಣತೊಡಗಿದ ಮೇಲೂ ಮನಸ್ಸು ಹದಕ್ಕೆ ಬರಲು ಬಹಳ ದಿನ ಹಿಡಿಯಿತು.

ಅಂದರೆ ಖಿನ್ನತೆ ಊಟವನ್ನು ಕೆಡಿಸುತ್ತದೆ, ಕೆಟ್ಟ ಊಟ ಖಿನ್ನತೆಯನ್ನು ಹುಟ್ಟಿಸುತ್ತದೆ, ಹುಟ್ಟಿದ್ದನ್ನು ಬೆಳೆಸುತ್ತದೆ. ಮೊದಲು ಯಾವುದು ಬಂತು ಎಂದು ವಾದಿಸುತ್ತ ಕೂರುವುದರಿಂದ ಹೆಚ್ಚು ಉಪಯೋಗವಿಲ್ಲವೆಂದು ಆ ಮನೋವೈದ್ಯೆ ನನಗೆ ಹೇಳಿದ್ದರು. ದೇಹ ಹಸಿದೇ ಇರುವಾಗ ಖಿನ್ನತೆಯ ಮಾತ್ರೆಗಳಿಂದ ನಿರೀಕ್ಷಿಸಿದಷ್ಟು ಗುಣ ಕಾಣುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯ. ನಮ್ಮ ಹುಡುಗಿಗೆ ಆದದ್ದೂ ಅದೇ.

ಹಾಗೆಂದು ಎರಡನ್ನೂ ಒಂದೇ ಎಂದು ಭಾವಿಸಿದರೂ ತಪ್ಪಾಗುತ್ತದೆ. ಖಿನ್ನತೆಯಲ್ಲಿ ಸಾಮಾನ್ಯವಾಗಿ ಬಾಯಿಗೆ ರುಚಿಯೇ ಇರುವುದಿಲ್ಲ, ತುತ್ತು ಇಳಿಯುವುದಿಲ್ಲ. ಕೆಲವರಲ್ಲಿ ತದ್ವಿರುದ್ಧವಾಗಿ ತಿನ್ನುವುದೂ ನಿದ್ರೆಯೂ ಹೆಚ್ಚುತ್ತವೆ. ತಾವಾಗಿಯೇ ಊಟ ಬಿಡುತ್ತ ಸೊರಗುವ ಅನೊರೆಕ್ಸಿಯಾ ಎಂಬ ಊಟದ ಕಾಯಿಲೆಯಲ್ಲಿ, ಹೆಸರಿನ ಅರ್ಥ ಹಸಿವಿಲ್ಲದಿರುವುದು ಎಂದಾದರೂ, ಹಸಿವು ಬಹುಪಾಲು ಹಾಗೆಯೇ ಇರುತ್ತದೆ. ಮಗು ಅದರ ವಿರುದ್ಧ ಹಗಲಿರುಳು ಸೆಣಸುತ್ತಿರುತ್ತದೆ, ಗೆದ್ದೆನೆಂದು ಒಳಗೊಳಗೇ ಸಮಾಧಾನವನ್ನೂ ಪಡುತ್ತದೆ. ಖಿನ್ನತೆಯವರು ತಮಗೇನೋ ಆಗಿದೆ ಎಂದು ಹೇಳಿಕೊಳ್ಳಬಹುದು. ಇವರು ತಮಗೇನೂ ಆಗಿಲ್ಲವೆಂದೇ ಹೇಳುತ್ತಾರೆ. ಆದ್ದರಿಂದ "ಊಟ ಹೇಗಿದೆ?" ಎಂಬ ಒಂದೇ ಪ್ರಶ್ನೆ ಸಾಲದು.

ಈ ಕಾಯಿಲೆ ಇತ್ತೀಚಿನ ಮೊಬೈಲ್ ಕಾಲದ ಖಾಯಿಷ್ ಎನ್ನುವವರಿಗಾಗಿ ಒಂದು ಮಾತು. ಲಂಡನ್ನಿನ ವೈದ್ಯ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಸೇಗ್ ಅನೊರೆಕ್ಸಿಯಾವನ್ನು ವಿವರಿಸಿದ್ದು 1873ರಲ್ಲಿ. ಒಮ್ಮೆಗೇ ಅತಿಯಾಗಿ ತಿಂದು, ಆಮೇಲೆ ಅದನ್ನು ಹೊರಹಾಕುವ ಬುಲಿಮಿಯಾ ಎಂಬ ಇನ್ನೊಂದು ಬಗೆಯನ್ನು ಜೆರಾಲ್ಡ್ ರಸೆಲ್ 1979ರಲ್ಲಿ ವರ್ಣಿಸಿದರು. ಹೊರಹಾಕದೆ ಬರಿದೇ ಅತಿಯಾಗಿ ತಿನ್ನುವ ಬಗೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 2013ರಲ್ಲಿ. ಕೊನೆಯ ಎರಡು ಬಗೆಯವರು ನೋಡಲು ತೆಳ್ಳಗಿರಲೇಬೇಕೆಂದಿಲ್ಲ, ಆದ್ದರಿಂದಲೇ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಅಡುಗೆಮನೆಯ ಬಿಸ್ಕತ್ತಿನ ಡಬ್ಬಿ ಖಾಲಿಯಾದಾಗ ನಾವು ಅದನ್ನು ಕಳ್ಳತನವೆಂದು ವಿಚಾರಣೆ ನಡೆಸಿದ್ದು, ಒಬ್ಬ ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ ಕೇಳಿದ್ದು ನನ್ನ ಮನಸ್ಸನ್ನು ಇಂದಿಗೂ ಚುಚ್ಚುತ್ತದೆ. ಅದು ನಾನೇ ಮಾಡಿದ ತಪ್ಪು. ಅತಿಯಾಗಿ ತಿಂದ ಮೇಲೆ ಬರುವ ನಾಚಿಕೆ, ಪಶ್ಚಾತ್ತಾಪ, ತನ್ನ ಮೇಲಿನ ಜಿಗುಪ್ಸೆಗಳು ಖಿನ್ನತೆಯ ಮನಸ್ಸಿನವೇ ಎಂದು ಆಗ ನನಗೆ ಯಾರೂ ತಿಳಿಸಿಕೊಟ್ಟಿರಲಿಲ್ಲ. ಗಂಡುಮಕ್ಕಳಲ್ಲೂ ಇದು ಇದೆ. ಅವರ ನಿಲಯಗಳಲ್ಲಿ ಕೇಳುವವರು ಇನ್ನೂ ಕಡಿಮೆ.

ಅಪಾಯ ಎಷ್ಟೆಂದು ಹೇಳದಿದ್ದರೆ ಈ ಪತ್ರ ಅಪೂರ್ಣವಾಗುತ್ತದೆ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ, ಮತ್ತು ಆ ಸಾವುಗಳಲ್ಲಿ ಸುಮಾರು ಐದರಲ್ಲಿ ಒಂದು ಆತ್ಮಹತ್ಯೆಯಿಂದ ಆದದ್ದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಲೆಕ್ಕ ಹಾಕಿದ್ದಾರೆ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಬಹಳ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ತುಂಬ ಉಣ್ಣಿಸಿದರೂ ರಕ್ತದ ಫಾಸ್ಫೇಟ್ ಕುಸಿದು ಪ್ರಾಣಾಪಾಯವಾಗಬಹುದು. ಹಾಗಾಗಿ ತೀರಾ ಸೊರಗಿದ ಮಗುವಿಗೆ ಮನೆಯವರು ಪ್ರೀತಿಯಿಂದ ಒತ್ತಿ ಒತ್ತಿ ತಿನ್ನಿಸುವುದಕ್ಕೂ ವೈದ್ಯರ ಮೇಲ್ವಿಚಾರಣೆ ಬೇಕು. ಖಿನ್ನತೆಗೆ ಕೊಡುವ ಬುಪ್ರೊಪಿಯಾನ್ ಎಂಬ ಔಷಧಿಯನ್ನು ಅನೊರೆಕ್ಸಿಯಾ, ಬುಲಿಮಿಯಾ ಇರುವವರಿಗೆ ಕೊಡಬಾರದು, ಕೊಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು. ಊಟದ ಬಗ್ಗೆ ಕೇಳದೆ ಖಿನ್ನತೆಗೆ ಔಷಧಿ ಬರೆದರೆ ಇಂಥದೊಂದು ಅನಾಹುತ ಯಾರ ಗಮನಕ್ಕೂ ಬಾರದೆ ಆಗಬಹುದಲ್ಲವೇ? ಅದೇ ರೀತಿ, ಎರಡೂ ಇದೆಯೆಂದು ಗೊತ್ತಿದ್ದರೆ ದಾರಿಯೂ ಇದೆ: ಫ್ಲೂಆಕ್ಸೆಟಿನ್ ಎಂಬ ಔಷಧಿ ಖಿನ್ನತೆಗೂ ಬುಲಿಮಿಯಾಕ್ಕೂ ಉಪಯೋಗವಾಗುತ್ತದೆ, ಯೋಚನೆಯ ಜಾಡನ್ನು ತಿದ್ದುವ ಮಾತಿನ ಚಿಕಿತ್ಸೆ ಎರಡಕ್ಕೂ ಇದೆ, ಚಿಕ್ಕ ವಯಸ್ಸಿನವರಲ್ಲಿ ತಂದೆತಾಯಿಯರನ್ನು ಜೊತೆಗಿಟ್ಟುಕೊಂಡು ನಡೆಸುವ ಚಿಕಿತ್ಸೆಯಿಂದ ಒಳ್ಳೆಯ ಫಲ ಸಿಕ್ಕಿದೆ.

ಮಾನಸಿಕ ಆರೋಗ್ಯದ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವಲ್ಲ, ಅದಕ್ಕೇ ನನಗೆ ಇಷ್ಟು ಆಸೆ. ನಿಮ್ಹಾನ್ಸ್ ನಮ್ಮ ನೆಲದಲ್ಲಿದೆ. ಎಂಬತ್ತರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯತ್ನವೇ ಬಳ್ಳಾರಿ ಮಾದರಿಯೆಂದು ಹೆಸರಾಗಿ, 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡನ್ನು ಮಾಡಿದ ರಾಜ್ಯ ನಮ್ಮದು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತಮಗೆ ಖಿನ್ನತೆ ಬಂದಿತ್ತೆಂದು ಹೇಳಿಕೊಂಡ ಮೇಲೆ ನಮ್ಮ ನಿಲಯದ ಮಕ್ಕಳು ಆ ಪದವನ್ನು ಬಾಯಿಬಿಟ್ಟು ಆಡಲಾರಂಭಿಸಿದ್ದನ್ನು ನಾನೇ ಕಂಡಿದ್ದೇನೆ. ಊಟದ ಕಾಯಿಲೆಗೆ ಮಾತ್ರ ಇನ್ನೂ ಜನರ ಬಾಯಲ್ಲಿ ನೆಲೆಯೂರಿದ ಒಂದು ಕನ್ನಡ ಹೆಸರೂ ಇಲ್ಲ.

ಆದರೆ ಈ ಒಳ್ಳೆಯ ವ್ಯವಸ್ಥೆಯ ಕಣ್ಣು ತಪ್ಪುವ ಜಾಗಗಳನ್ನು ನೋಡಿ. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ತಪಾಸಣಾ ನಮೂನೆಯಲ್ಲಿ ಖಿನ್ನತೆಯ ಬಗ್ಗೆ ಎರಡು ಪ್ರಶ್ನೆಗಳಿವೆ: ಆಸಕ್ತಿ ಕಡಿಮೆಯಾಗಿದೆಯೇ, ಮನಸ್ಸು ಕುಗ್ಗಿದೆಯೇ. ಊಟದ ಮಾತು ಅಲ್ಲಿಲ್ಲ, ಮತ್ತು ಆ ನಮೂನೆ ಮೂವತ್ತು ದಾಟಿದವರಿಗಾಗಿ ಇರುವುದು. ಹದಿನೈದು, ಹದಿನೆಂಟರ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ಎತ್ತರ, ತೂಕ ಅಳೆಯುತ್ತದೆ; ತೂಕ ಕಡಿಮೆಯಿದ್ದರೆ ಅಪೌಷ್ಟಿಕತೆ ಎಂದು ಬರೆದುಕೊಳ್ಳುತ್ತದೆ. ಬಡತನದಿಂದ ಬರುವ ಅಪೌಷ್ಟಿಕತೆ ನಮ್ಮಲ್ಲಿ ನಿಜಕ್ಕೂ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅನ್ನವಿದ್ದೂ ಉಣ್ಣಲಾರದ ಮಗುವೂ ಅದೇ ಪಟ್ಟಿಯಲ್ಲಿ ಸೇರಿಹೋದರೆ ಅವಳಿಗೆ ಸಿಗುವುದು ಕಬ್ಬಿಣದ ಮಾತ್ರೆ ಮಾತ್ರ. ಹಾಗೆಯೇ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಅವರ ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುವ ಪದ್ಧತಿಯೂ ಇದೆ. ಆ ದಿನದ ರಾತ್ರಿ ಊಟದಲ್ಲಿ ಎಷ್ಟು ಅನ್ನ ಉಳಿಯುತ್ತಿತ್ತೆಂದು ನಮ್ಮ ಅಡುಗೆಯವರನ್ನು ಕೇಳಬೇಕು.

ನಮ್ಮ ಮನೆಗಳಲ್ಲಿ ಉಪವಾಸಕ್ಕೆ ಗೌರವವಿದೆ. ಶನಿವಾರ ಒಪ್ಪತ್ತು, ಏಕಾದಶಿ, ಸಂಕಷ್ಟಿ, ರಂಜಾನಿನ ತಿಂಗಳು ಇವೆಲ್ಲ ಶ್ರದ್ಧೆಯ ವಿಷಯಗಳು, ಅವುಗಳ ಬಗ್ಗೆ ನನಗೆ ಒಂದಿಷ್ಟೂ ತಕರಾರಿಲ್ಲ. ಆದರೆ ವಾರಕ್ಕೊಂದಿದ್ದ ಒಪ್ಪತ್ತು ನಾಲ್ಕಾದಾಗ, ವ್ರತ ಮುಗಿದರೂ ಪಾರಣೆ ಆಗದಿದ್ದಾಗ ಮನೆಯವರು ಅದನ್ನು ಭಕ್ತಿಯೆಂದು ಮೆಚ್ಚಿ ಸುಮ್ಮನಾಗುವುದನ್ನು ಕಂಡಿದ್ದೇನೆ. ಅದೂ ಅಲ್ಲದೆ ನಮ್ಮ ಹಳ್ಳಿಗಾಡಿನ ಎಷ್ಟೋ ಹುಡುಗಿಯರು "ದಪ್ಪ ಆಗ್ತೀನಿ" ಎಂದು ಹೇಳುವುದೇ ಇಲ್ಲ. "ಹೊಟ್ಟೆ ಭಾರ", "ಊಟ ಸೇರಲ್ಲ", "ತಿಂದರೆ ಸಂಕಟ" ಎನ್ನುತ್ತಾರೆ. ಹಾಂಗ್‌ಕಾಂಗಿನಲ್ಲಿ ಸಿಂಗ್ ಲೀ ಎಂಬ ಮನೋವೈದ್ಯರು ಇಂಥದೇ ರೋಗಿಗಳನ್ನು ಕಂಡು, ದಪ್ಪವಾಗುವ ಭಯವಿದ್ದರಷ್ಟೇ ಈ ಕಾಯಿಲೆ ಎನ್ನುವ ಪಾಶ್ಚಾತ್ಯ ಅಳತೆಗೋಲು ಏಷ್ಯಾದವರಿಗೆ ಸಾಲದೆಂದು ವಾದಿಸಿದ್ದರು. ಅವರ ಮಾತು ನಮ್ಮ ತಾಲ್ಲೂಕು ಆಸ್ಪತ್ರೆಗಳ ವೈದ್ಯರ ಕಿವಿಗೂ ಬೀಳಬೇಕೆಂಬುದು ನನ್ನ ಆಸೆ.

ತಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ, ಹೊಸ ಕಟ್ಟಡವನ್ನೋ ಹೊಸ ಯೋಜನೆಯನ್ನೋ ನಾನು ಕೇಳುತ್ತಿಲ್ಲ. ಖಿನ್ನತೆಗಾಗಿ ಬಂದ ಪ್ರತಿಯೊಬ್ಬ ಹದಿಹರೆಯದವರನ್ನೂ ಊಟದ ಬಗ್ಗೆ ವಿವರವಾಗಿ ಕೇಳುವುದನ್ನು, ತೂಕ ಕಡಿಮೆಯೆಂದು ಬಂದ ಪ್ರತಿಯೊಬ್ಬರನ್ನೂ ಮನಸ್ಸಿನ ಬಗ್ಗೆ ಕೇಳುವುದನ್ನು ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳಿಗೂ ಶಾಲಾ ತಪಾಸಣಾ ತಂಡಗಳಿಗೂ ಕಡ್ಡಾಯ ಮಾಡಿ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. 1999ರಲ್ಲಿ ಇಂಗ್ಲೆಂಡಿನ ವೈದ್ಯರು ಊಟದ ಕಾಯಿಲೆಯ ಸುಳಿವು ಹಿಡಿಯಲು ಸ್ಕಾಫ್ ಎಂಬ ಐದೇ ಪ್ರಶ್ನೆಗಳ ಒಂದು ಸಣ್ಣ ಪಟ್ಟಿ ಮಾಡಿದ್ದಾರೆ, ಎರಡಕ್ಕೆ ಹೌದು ಎಂದರೆ ಮುಂದಿನ ವಿಚಾರಣೆ ಬೇಕೆಂದು ಅರ್ಥ. ಅದನ್ನು ನಮ್ಮ ಮಾತಿಗೆ, ನಮ್ಮ ಮಕ್ಕಳಿಗೆ ಒಗ್ಗುವಂತೆ ತಿದ್ದಿ, ಪರೀಕ್ಷಿಸಿ ಕೊಡುವಂತೆ ನಿಮ್ಹಾನ್ಸ್ ಅನ್ನು ಕೋರಬೇಕು. ತೂಕವನ್ನು ಮರೆಯಲ್ಲಿ ಅಳೆದು ಗುಟ್ಟಾಗಿ ಬರೆದುಕೊಳ್ಳಬೇಕು. ನಿಲಯಪಾಲಕರ ತರಬೇತಿಯಲ್ಲಿ ಲೆಕ್ಕಪತ್ರಕ್ಕೆ ಮೀಸಲಿಟ್ಟ ದಿನಗಳಲ್ಲಿ ಅರ್ಧ ದಿನವನ್ನು ಇದಕ್ಕೆ ಬಿಡಬೇಕು, ಮತ್ತು ಆ ಅರ್ಧ ದಿನಕ್ಕೆ ಅಡುಗೆಯವರನ್ನೂ ಕರೆಯಬೇಕು. ಈ ಕೊನೆಯದನ್ನು ದಯವಿಟ್ಟು ಬಿಡಬೇಡಿ. ಎಲ್ಲರಿಗಿಂತ ಮೊದಲು ಕಾಣುವುದು ಅವರಿಗೇ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿ ನಿಲಯದ ಊಟದ ಕೋಣೆಯಲ್ಲಿ ಬರೆಸಬೇಕು. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ ಎಂಬುದನ್ನೂ ಜೊತೆಗೆ ಬರೆಸಬೇಕು.

ಆ ಹುಡುಗಿ ಒಂದು ವರ್ಷ ಓದು ನಿಲ್ಲಿಸಿ, ವೈದ್ಯೆಯ ಹತ್ತಿರ ತಿಂಗಳಿಗೆರಡು ಸಲ ಹೋಗುತ್ತ, ತಾಯಿಯ ಎದುರು ಕೂತು ಉಣ್ಣುತ್ತ, ನಡುವೆ ಎರಡು ಸಲ ಹಿಂದಕ್ಕೆ ಜಾರಿ, ಮತ್ತೆ ಎದ್ದಳು. ಈಗ ಕೆಲಸದಲ್ಲಿದ್ದಾಳೆ. ಖಿನ್ನತೆಯ ಮಾತ್ರೆ ಆಗ ಕೆಲಸ ಮಾಡಿತಂತೆ, ಅಂದರೆ ಹೊಟ್ಟೆಗೆ ಅನ್ನ ಬಿದ್ದ ಮೇಲೆ. ಈ ಪತ್ರದೊಂದಿಗೆ ಒಂದು ಹಾಳೆಯನ್ನು ಲಗತ್ತಿಸಿದ್ದೇನೆ. ಅದರಲ್ಲಿ ಏಳು ಪ್ರಶ್ನೆಗಳಿವೆ, ನಿಲಯದ ಮಕ್ಕಳು ಆಡುವ ಮಾತಿನಲ್ಲೇ ಬರೆದದ್ದು, ನಾನೂ ಅವಳೂ ಸೇರಿ ಬರೆದದ್ದು. ತಜ್ಞರು ಅದನ್ನು ತಿದ್ದಲಿ, ಬೇಡವಾದುದನ್ನು ಹೊಡೆದುಹಾಕಲಿ. ಮೊದಲ ಪ್ರಶ್ನೆಯನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಬೇಕೆಂದು ಅವಳು ವಿಶೇಷವಾಗಿ ಕೇಳಿಕೊಂಡಿದ್ದಾಳೆ: "ನಿನಗೆ ಹಸಿವಾಗೋದಿಲ್ವಾ, ಅಥವಾ ಹಸಿವಾದರೂ ತಿನ್ನಬಾರದು ಅನ್ಸುತ್ತಾ?"

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನಿಲಯಪಾಲಕಿ